ನನ್ನ ತೋಳಿನ ಮೇಲೆ ಅಕ್ಕನ ಬಿಪಿ

ಡಾಕ್ಟರಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಮನೆಗೆ ಬಂದ ಮೇಲೆ ಅಕ್ಕ "ಹೇಳಿದ್ಯೇನ?" ಎಂದು ಕೇಳಿದಾಗ "ಹೇಳೀನಿ" ಅಂದೆ. ಈ ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಮೊದಲನೆಯದು ಅಂಜಿಕೆಯಿಂದ ಆದದ್ದು. ಎರಡನೆಯದನ್ನು ತಿಳಿದೂ ತಿಳಿದೂ ಆಡಿದ್ದು.

ನಾನು ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತವನು. ಬರೆಯಲು ಕೂತರೆ ಕೈ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆದರೂ ಬರೆಯುತ್ತಿದ್ದೇನೆ. ಮಿರಜದ ದವಾಖಾನೆಯ ಹೊರಗೆ ನನ್ನ ಹಾಗೆ ಕೂತವರನ್ನು ಬಹಳ ನೋಡಿದೆ. ಒಬ್ಬಾಕೆ, ಗಂಡ ಇನ್ನೂ ತಂಬಾಕು ಬಿಟ್ಟಿಲ್ಲ ಎಂಬುದನ್ನು ಡಾಕ್ಟರಿಗೆ ಮುಚ್ಚಿಟ್ಟಿದ್ದಳು. ಇನ್ನೊಬ್ಬ, ತಾಯಿಯ ಗುಳಿಗೆ ಮುಗಿದು ವಾರವಾದರೂ ತಂದುಕೊಟ್ಟಿರಲಿಲ್ಲ. ಎಲ್ಲರೂ ಬಾಗಿಲು ನೋಡುತ್ತ ಕೂತಿದ್ದರು, ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಿಪಿ ಇರುವ ಮನೆಯಲ್ಲಿ ರೋಗಿ ಒಬ್ಬರೇ ಇರುವುದಿಲ್ಲ. ಅವರ ಹಿಂದೆ ನನ್ನಂಥವನೂ ಒಬ್ಬ ಇರುತ್ತಾನೆ. ಅಂಥವರು ಇದನ್ನು ಓದಲಿ.

ಅಕ್ಕನ ಹೆಸರು ಶಾಂತವ್ವ, ಊರಿನವರ ಬಾಯಲ್ಲಿ ಶಾಂತಕ್ಕ. ನನಗಿಂತ ಹತ್ತು ವರ್ಷಕ್ಕೆ ಮೇಲೆ ದೊಡ್ಡವಳು. ಲಗ್ನವಾಗಿ ಸ್ವಲ್ಪ ವರ್ಷಕ್ಕೇ ಗಂಡ ತೀರಿಕೊಂಡು ತವರಿಗೆ ಬಂದಳು. ಆಗ ನಮ್ಮವ್ವ ಹಾಸಿಗೆ ಹಿಡಿದಿದ್ದಳು. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಸಾಲಿ ತಪ್ಪಿಸಿದಾಗ ಹೊಡೆದವಳು, ಕೊನೆಗೆ ಸುನಂದಾಳನ್ನು ನೋಡಿ ಲಗ್ನ ಮಾಡಿಸಿದವಳು ಅಕ್ಕನೇ. ನಮ್ಮೂರು ಕಾಗವಾಡದ ಹತ್ತಿರ. ಸ್ವಲ್ಪ ಕಬ್ಬು, ಎರಡು ಎಮ್ಮೆ. ನಾವು ಜೈನರು. ಅಕ್ಕ ಸೂರ್ಯ ಮುಳುಗಿದ ಮೇಲೆ ಅನ್ನ ನೀರು ಎರಡನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಬರುವ ತನಕ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಗಂಡ ಹೋದ ವರ್ಷ ಹಿಡಿದ ನಿಯಮ ಅದು. ಜ್ವರ ಬಂದಾಗಲೂ ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಬಿಪಿಯ ಗುಳಿಗೆಯನ್ನು ಅವಳು ಎಷ್ಟೋ ವರ್ಷದಿಂದ ನುಂಗುತ್ತಿದ್ದಳು. ಬಸದಿಯಿಂದ ಬಂದು ಚಹಾ ಕುಡಿಯುವಾಗ ಒಂದು. ಅಷ್ಟಕ್ಕೆ ಎಲ್ಲ ಸರಿ ಇದೆ ಎಂದು ನಾವು ತಿಳಿದಿದ್ದೆವು. ಹೋದ ವರ್ಷ ಮಳೆಗಾಲದ ಸುರುವಿಗೆ ಬೆಳಗಿನ ಜಾವ ಅವಳಿಗೆ ತಲೆ ನೋಯತೊಡಗಿತು. ಹಿಂದಲೆಯಲ್ಲಿ, ಕುತ್ತಿಗೆಯ ಮೇಲೆ ಯಾರೋ ಕಲ್ಲಿಟ್ಟ ಹಾಗೆ ಆಗುತ್ತದೆ ಅನ್ನುತ್ತಿದ್ದಳು. ಹೊತ್ತು ಏರಿದಂತೆ ಇಳಿಯುತ್ತಿತ್ತು. ಬಸದಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ದಮ್ಮು ತೆಗೆದುಕೊಳ್ಳುವುದನ್ನು ನನ್ನ ಹೆಂಡತಿ ಸುನಂದಾ ನೋಡಿದಳು. ಅವಳೇ ಹಟ ಹಿಡಿದು ನಮ್ಮಿಬ್ಬರನ್ನು ಅಥಣಿಗೆ ಕಳಿಸಿದಳು.

ಅಥಣಿಯ ಡಾಕ್ಟರು ವಯಸ್ಸಾದವರು, ಸಮಾಧಾನಿ. ಪಟ್ಟಿ ಕಟ್ಟಿ ಬಿಪಿ ನೋಡಿದರು, ಚೆನ್ನಾಗಿಯೇ ಇತ್ತು. ಅಕ್ಕ ನನ್ನ ಕಡೆ ನೋಡಿ, ಸುಮ್ಮನೆ ಬಸ್ಸಿನ ರೊಕ್ಕ ದಂಡ ಮಾಡಿದಿರಿ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ಡಾಕ್ಟರು ಮಾತ್ರ ಬಿಡಲಿಲ್ಲ. ತಲೆ ಯಾವ ಹೊತ್ತಿಗೆ ನೋಯುತ್ತದೆ ಎಂದು ಎರಡೆರಡು ಸಲ ಕೇಳಿ ನನ್ನ ಕಡೆ ತಿರುಗಿದರು.

"ನಿಮ್ಮ ಮೋಟರಿನ ನೀರು ದಿನಾಪೂರಾ ಒಂದ ನಮೂನಿ ಬರತೈತೇನ್ರಿ? ಕರೆಂಟ ಜೋರಿದ್ದಾಗ ಜೋರು, ಇಲ್ಲಾಂದ್ರ ಸಣ್ಣದು. ಬಿಪಿನೂ ಹಂಗ. ನಾ ನೋಡೂದು ಹನ್ನೊಂದರ ಹೊತ್ತಿಂದು. ಇವರ ತಲಿ ನೋಯೂದು ಬೆಳಗಿನ ಜಾವ. ನನಗ ಆ ಹೊತ್ತಿಂದು ಬೇಕು."

ಅದಕ್ಕೆ ಒಂದು ಮಷೀನು ಕೊಟ್ಟರು. ತೋಳಿಗೆ ಪಟ್ಟಿ, ಪಟ್ಟಿಯಿಂದ ಒಂದು ನಳಿಗೆ, ನಳಿಗೆಯ ತುದಿಗೆ ನಡುವಿಗೆ ಕಟ್ಟುವ ಸಣ್ಣ ಡಬ್ಬಿ. ಅರ್ಧ ತಾಸಿಗೊಮ್ಮೆ ತಾನಾಗಿಯೇ ಗುರ್ ಎಂದು ಗಾಳಿ ತುಂಬಿಕೊಂಡು ತೋಳು ಹಿಂಡಿ ಬಿಪಿ ನೋಡಿಕೊಳ್ಳುತ್ತದೆ. ಒಂದು ಹಗಲು ಒಂದು ರಾತ್ರಿ ಬಿಚ್ಚಬಾರದು, ನೀರು ತಾಗಿಸಬಾರದು, ಮರುದಿನ ತಂದು ಕೊಟ್ಟರೆ ಎಲ್ಲ ಹೊತ್ತಿನದೂ ಕಾಗದದ ಮೇಲೆ ಬರುತ್ತದೆ ಅಂದರು. ನಡುವೆ ಬಿಚ್ಚಿದರೆ ಮಾಡಿದ್ದೆಲ್ಲ ಹಾಳು ಎಂದು ಎರಡು ಸಲ ಹೇಳಿದರು.

ಊರಿಗೆ ಬರುವ ಹೊತ್ತಿಗೆ ಮಷೀನು ಬಸ್ಸಿನಲ್ಲೇ ಎರಡು ಮೂರು ಸಲ ಗುರ್ ಅಂದಿತ್ತು. ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ ತನಗೆ ಕಟ್ಟಿ ಕಳಿಸಿದ್ದಾರೆ ಎಂದು ಅಕ್ಕ ಎಲ್ಲರಿಗೂ ಹೇಳಿ ನಗಿಸಿದಳು. ಪಕ್ಕದ ಮನೆಯ ದಸ್ತಗೀರ, ಮಿರಜದ ಪ್ಯಾಟಿಗೆ ಕಾಯಿಪಲ್ಯ ಹೊರುವ ಟೆಂಪೋ ಇಟ್ಟವನು, ಓಣಿಯಲ್ಲಿ ನಿಂತು, "ಶಾಂತಕ್ಕಾ, ಅದರಾಗ ರೇಡಿಯೋ ಹತ್ತತೈತೇನ ನೋಡು" ಅಂದ. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಅಂಜಿಕೆ ಇರಲಿಲ್ಲ.

ಇಲ್ಲಿ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ಆ ವರ್ಷ ನಮ್ಮೂರ ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಮನಸ್ಸಿನಲ್ಲಿ ಏನೋ ಒಂದು ಗುರುತು ನೆನೆದು ಬಸದಿಯಿಂದ ಹೊರಡುತ್ತಾರೆ. ಯಾವ ಮನೆಯ ಬಾಗಿಲಲ್ಲಿ ಆ ಗುರುತು ಕಂಡಿತೋ ಆ ಮನೆಗೆ ಬರುತ್ತಾರೆ. ಗುರುತು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಎಷ್ಟೋ ಮನೆಯವರು ಮಡಿಯಲ್ಲಿ ಅಡಿಗೆ ಮಾಡಿಟ್ಟು ಬಾಗಿಲಲ್ಲಿ ಕಾಯುತ್ತಾರೆ. ಇದಕ್ಕೆ ಚೌಕಾ ಹಚ್ಚುವುದು ಅನ್ನುತ್ತೇವೆ. ಹಿಟ್ಟು ಅಂದೇ ಬೀಸಿದ್ದಾಗಬೇಕು, ನೀರು ಬಾವಿಯದಾಗಬೇಕು, ಅರಿವೆಯಲ್ಲಿ ಸೋಸಬೇಕು. ಅಕ್ಕ ಹತ್ತಾರು ದಿನದಿಂದ ಚೌಕಾ ಹಚ್ಚುತ್ತಿದ್ದಳು, ಮುನಿಗಳು ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬೀಸುಕಲ್ಲಿಗೆ ಕೂರುತ್ತಿದ್ದಳು. ಆ ಹೊತ್ತಿಗೇ ತಲೆ ನೋಯುತ್ತಿತ್ತು.

ಮಷೀನು ಕಟ್ಟಿದ ಮರುದಿನ ಜಾವದಲ್ಲಿ ನನ್ನನ್ನು ಎಬ್ಬಿಸಿದಳು.

"ಭರಮಾ, ಏಳು. ಇದನ್ನ ಬಿಚ್ಚು."

ಬಿಚ್ಚಬೇಡ ಎಂದು ಡಾಕ್ಟರು ಹೇಳಿದ್ದನ್ನು ನೆನಪು ಮಾಡಿಕೊಟ್ಟೆ.

"ಯಾರ್ಯಾರ ಮೈಮ್ಯಾಲ ಇದ್ದ ಪಟ್ಟಿನೋ ಇದು. ಇದನ್ನ ಕಟ್ಕೊಂಡು ಚೌಕಾದಾಗ ಹೆಂಗ ಹೋಗ್ಲಿ? ಜಳಕಾ ಹೆಂಗ ಮಾಡ್ಲಿ?"

ಇವತ್ತೊಂದು ದಿನ ಚೌಕಾ ಬಿಡು ಅಂದೆ. ಸುನಂದಾ ಮಾಡಲಿ ಅಂದೆ. ಸುನಂದಾಳಿಗೆ ಆ ದಿನ ಒಳಗೆ ಹೋಗುವ ಹಾಗಿರಲಿಲ್ಲ. ಇವತ್ತೇ ಸ್ವಾಮಿಗಳು ನಮ್ಮ ಮನೆಗೆ ಬಂದರೆ ಏನು ಮಾಡುತ್ತೀ ಎಂದು ಅಕ್ಕ ಕೇಳಿದಳು. ಬಿಚ್ಚಿಟ್ಟರೆ ಮಷೀನು ಬರಿದೇ ಗಾಳಿ ತುಂಬಿ ಕೂಗುತ್ತದೆ, ಡಾಕ್ಟರಿಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದೆ. ಅಕ್ಕ ಪಟ್ಟಿಯನ್ನು ತಾನೇ ಬಿಚ್ಚಿ ನನ್ನ ಮುಂದೆ ಹಿಡಿದಳು.

"ನೀ ಕಟ್ಕೋ. ಒಂದ ಹೊಟ್ಟ್ಯಾಗ ಹುಟ್ಟೀವಿ, ರಕ್ತ ಒಂದ ಐತಿ. ಆದ್ರ ಡಾಕ್ಟರಿಗೆ ಹೇಳಬೇಕ ನೋಡು, ಬೆಳಗಿಂದು ಆಕಿ ತೋಳಲ್ರಿ, ನಂದ್ರಿ ಅಂತ. ಮರೀಬ್ಯಾಡ."

ನಾನು ಕಟ್ಟಿಕೊಂಡೆ. ಮತ್ತೆ ಮಲಗಿದೆ. ಬೀಸುಕಲ್ಲು ತಿರುಗುವ ಸಪ್ಪಳ ಕೇಳುತ್ತಿತ್ತು, ಬಾವಿಯ ಗಾಲಿ ಕಿರ್ ಅನ್ನುವುದು ಕೇಳುತ್ತಿತ್ತು. ನಡುನಡುವೆ ನನ್ನ ತೋಳು ಬಿಗಿಯುತ್ತಿತ್ತು, ಸಡಿಲಾಗುತ್ತಿತ್ತು. ಅಕ್ಕ ನೀರು ಸೇದುತ್ತಿದ್ದಾಗ, ಒಲೆ ಊದುತ್ತಿದ್ದಾಗ, ಅವಳ ರಕ್ತ ಎಲ್ಲಿಗೆ ಏರಿತ್ತೋ ಯಾರಿಗೆ ಗೊತ್ತು. ಮಷೀನು ನೋಡಿದ್ದು, ಕಂಬಳಿ ಹೊದ್ದು ಮಲಗಿದ ನನ್ನ ರಕ್ತವನ್ನು.

ಆ ದಿನವೇ ಮುನಿಗಳು ನಮ್ಮ ಮನೆಗೆ ಬಂದರು. ನಾನು ಮಡಿಯಲ್ಲಿ ಇರಲಿಲ್ಲವಾದ್ದರಿಂದ ದನದ ಕೊಟ್ಟಿಗೆಯ ಹತ್ತಿರ ನಿಂತಿದ್ದೆ. ಬಾಗಿಲಲ್ಲಿ ಅಕ್ಕ ಕಲಶ ಹಿಡಿದು ಕರೆಯುವುದು ಕೇಳಿತು. ಒಳಗೆ ಹೋದ ಮೇಲೆ ಪದ್ಧತಿಯಂತೆ ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಅವಳು ಹೇಳುವುದೂ ಕೇಳಿತು. ಅವಳ ದನಿ ನಡುಗುತ್ತಿತ್ತು. ಭಕ್ತಿಗೆ ನಡುಗುತ್ತಿದೆ ಅಂದುಕೊಂಡೆ. ಮುನಿಗಳು ಹೋದ ಮೇಲೆ ಬಂದು ನೋಡಿದರೆ ಅಕ್ಕ ಗೋಡೆಗೆ ಒರಗಿ, ಎರಡೂ ಕೈಯಿಂದ ಕುತ್ತಿಗೆ ಹಿಡಿದು ಕೂತಿದ್ದಳು. ಮುಖ ಕೆಂಪಗಿತ್ತು. ಆದರೂ ನಗುತ್ತಿದ್ದಳು. ಇಷ್ಟು ವರ್ಷಕ್ಕೆ ಇವತ್ತು ಬಂದರಲ್ಲ ಅನ್ನುತ್ತಿದ್ದಳು. ನಾನು ಪಟ್ಟಿ ಬಿಚ್ಚಿ ಚೀಲದಲ್ಲಿಟ್ಟುಕೊಂಡು ಒಬ್ಬನೇ ಅಥಣಿಗೆ ಹೋದೆ.

ಡಾಕ್ಟರು ಮಷೀನನ್ನು ಕಂಪ್ಯೂಟರಿಗೆ ಹಚ್ಚಿದರು. ಕಾಗದ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಹಗುರಾಯಿತು.

"ಬೆಳಗಿನ ಜಾವ ಭಾಳ ಏರತೈತಿ ಅಂತ ಸಂಶೆ ಇತ್ತು ನನಗ. ರಾತ್ರಿ ಮಲಗೂ ಮುಂದ ಇನ್ನೊಂದ ಗುಳಿಗಿ ಸುರು ಮಾಡಬೇಕಂತಿದ್ದೆ. ಬ್ಯಾಡ್ರಿ. ಜಾವದ್ದು ಭಾಳ ಚಲೋ ಐತಿ."

ನಾನು ಬಾಯಿ ತೆರೆದಿದ್ದೆ. ಅದು ನಿಜ. ಆದರೆ ರಾತ್ರಿಯ ಗುಳಿಗೆ ಎಂಬ ಮಾತು ಕಿವಿಗೆ ಬಿತ್ತು. ಸೂರ್ಯ ಮುಳುಗಿದ ಮೇಲೆ ಹನಿ ನೀರು ಮುಟ್ಟದವಳಿಗೆ ರಾತ್ರಿ ಗುಳಿಗೆ ನುಂಗಿಸುವವರು ಯಾರು? ಮನೆಯಲ್ಲಿ ಅದೊಂದು ಜಗಳ ಆಗುತ್ತದೆ, ಅಕ್ಕ ಅಳುತ್ತಾಳೆ. ಮೇಲಾಗಿ, ಮಷೀನು ನಾನು ಕಟ್ಟಿಕೊಂಡೆ ಅಂದರೆ ಇಷ್ಟು ಓದಿದ ಮನುಷ್ಯ ನನ್ನನ್ನು ಏನು ಅನ್ನುತ್ತಾನೆ? ಹೊರಗೆ ಮಂದಿ ಕಾಯುತ್ತಿದ್ದರು. ಬೇಡ ಅಂದದ್ದೇ ಚಲೋ ಆಯಿತು ಎಂದು ಬಾಯಿ ಮುಚ್ಚಿದೆ. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ನಮಸ್ಕಾರ ಮಾಡಿ ಬಂದೆ. ಬಸ್ಸಿನಲ್ಲಿ ಮನಸ್ಸು ಹಗುರವಾಗಿತ್ತು ಎಂದು ಹೇಳಲು ಈಗ ನಾಚಿಕೆ ಆಗುತ್ತದೆ.

ಅದಾದ ಮೇಲೂ ತಲೆನೋವು ನಿಲ್ಲಲಿಲ್ಲ. ಆದರೆ ಅಕ್ಕನಿಗೆ ಈಗ ಕಾಗದದ ಮೇಲೆ ನಂಬಿಕೆ ಬಂದಿತ್ತು. ನಾನು ಎಲ್ಲ ಹೇಳಿದ್ದೇನೆ, ಹೇಳಿದ ಮೇಲೂ ಡಾಕ್ಟರು ಚಲೋ ಇದೆ ಅಂದಿದ್ದಾರೆ, ಹಾಗಾದರೆ ಇದು ಪಿತ್ತವೇ ಇರಬೇಕು ಎಂದು ತಾನೇ ತೀರ್ಮಾನ ಮಾಡಿದಳು. ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡಳು. ಸುನಂದಾ ಮತ್ತೊಮ್ಮೆ ಅಥಣಿಗೆ ಹೋಗೋಣ ಅಂದಾಗ, ಅಷ್ಟು ತುಟ್ಟಿಯ ಮಷೀನು ಸುಳ್ಳು ಹೇಳುತ್ತದೇನು ಎಂದು ಅಕ್ಕ ಬೈದಳು. ನಾನು ಅಲ್ಲೇ ಕೂತು ಎಮ್ಮೆಯ ಹಗ್ಗ ಹೊಸೆಯುತ್ತಿದ್ದೆ. ಹೊಸೆದ ಹಗ್ಗ ಹಿಡಿದು ಕೊಟ್ಟಿಗೆಗೆ ಎದ್ದು ಹೋದೆ. ಆವತ್ತಿನಿಂದ ನನಗೆ ಅಂಜಿಕೆ ಸುರುವಾಯಿತು. ಜಾವದಲ್ಲಿ ಎಚ್ಚರಾಗುತ್ತಿತ್ತು. ಬೀಸುಕಲ್ಲಿನ ಸಪ್ಪಳ ಬಂದರೆ ಅಂಜಿಕೆ, ನಿಂತರೆ ಇನ್ನೂ ಹೆಚ್ಚು ಅಂಜಿಕೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಶ್ರಾವಣ ಬಂತು.

ಶ್ರಾವಣದ ಒಂದು ಮುಂಜಾನೆ ಬೀಸುಕಲ್ಲು ನಿಂತಿತು. ಸುನಂದಾ ಕೂಗಿದಳು. ಓಡಿ ಹೋಗಿ ನೋಡಿದರೆ ಅಕ್ಕ ಹಿಟ್ಟಿನ ನಡುವೆ ಕೂತಿದ್ದಾಳೆ, ಬಾಯಿ ತೆರೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಎದೆಯೊಳಗೆ ಗುರುಗುರು ಸಪ್ಪಳ, ನೀರು ತುಂಬಿದ ಕೊಡವನ್ನು ಅಲುಗಾಡಿಸಿದ ಹಾಗೆ. ಮೈ ತಣ್ಣಗಿತ್ತು, ಬೆವರು ಹರಿಯುತ್ತಿತ್ತು. ಮಲಗಿಸಲು ಹೋದರೆ ನನ್ನ ಅಂಗಿ ಹಿಡಿದು ಜಗ್ಗಿ ಎದ್ದು ಕೂತಳು. ಅವಳ ಕಣ್ಣು ನಾನು ಎಂದೂ ನೋಡದ ಕಣ್ಣಾಗಿತ್ತು. ನಮ್ಮ ಅಕ್ಕನಿಗೆ ಅಂಜಿಕೆ ಬರುತ್ತದೆ ಎಂದೇ ನನಗೆ ಅದುವರೆಗೆ ತಿಳಿದಿರಲಿಲ್ಲ.

ದಸ್ತಗೀರ ಟೆಂಪೋದಲ್ಲಿದ್ದ ಬದನೆಕಾಯಿಯ ಚೀಲಗಳನ್ನು ಓಣಿಯಲ್ಲೇ ಇಳಿಸಿ ಬಿಟ್ಟ. ಅಕ್ಕನನ್ನು ಅವನ ಪಕ್ಕದಲ್ಲಿ ಕೂರಿಸಿ ನಾನು ಅವಳ ಬೆನ್ನಿಗೆ ಎದೆ ಕೊಟ್ಟು ಕೂತೆ. ಗಡಿ ದಾಟಿದರೆ ಮಿರಜ, ನಮಗೆ ಹತ್ತಿರ. ಆವತ್ತಿನಷ್ಟು ದೂರ ಅದು ಎಂದೂ ಆಗಿರಲಿಲ್ಲ. ಮಳೆ ಹನಿಯುತ್ತಿತ್ತು. ದಾರಿಯುದ್ದಕ್ಕೂ ದಸ್ತಗೀರ ಮಾತಾಡುತ್ತಲೇ ಇದ್ದ. ಶಾಂತಕ್ಕಾ, ನೀ ಕೊಟ್ಟ ಉಪ್ಪಿನಕಾಯಿ ಡಬ್ಬಿ ಇನ್ನೂ ನಮ್ಮ ಮನ್ಯಾಗ ಐತಿ, ತಿರುಗಿ ಕೊಡಬೇಕು, ಎಚ್ಚರ ಇರು ಅನ್ನುತ್ತಿದ್ದ. ಅವಳು ಉತ್ತರ ಕೊಡದಿದ್ದಾಗಲೆಲ್ಲ ಅವನು ನನ್ನ ಕಡೆ ಒಮ್ಮೆ ನೋಡುತ್ತಿದ್ದ. ಅವಳ ಪಕ್ಕೆಲುಬು ನನ್ನ ಕೈಯಡಿಯಲ್ಲಿ ಏರಿ ಇಳಿಯುವುದನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಉಸಿರು ಹೋದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವುದು ಏನೆಂದು ಆ ದಾರಿಯಲ್ಲಿ ತಿಳಿಯಿತು.

ದವಾಖಾನೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದರು. ಹೊರಗೆ ಉದ್ದನೆಯ ಓಣಿಯಂಥ ಜಾಗ, ಗೋಡೆಗೆ ಹಚ್ಚಿ ಕೂರುವ ಬಾಕು. ಒಳಗಿನಿಂದ ಒಬ್ಬ ನರ್ಸಬಾಯಿ ಆಗಾಗ ಬಂದು ಪೇಶಂಟಿನ ಹೆಸರು ಹೇಳಿ "ನಾತೇವಾಯಿಕ ಕೋಣ?" ಎಂದು ಕೇಳುತ್ತಿದ್ದಳು; ಇವರ ಕಡೆಯವರು ಯಾರು ಎಂದು. ಬಾಗಿಲು ತೆರೆದಾಗೊಮ್ಮೆ ಬಾಕಿನ ಮೇಲಿದ್ದವರೆಲ್ಲ ಅರ್ಧ ಏಳುತ್ತಿದ್ದೆವು. ಬೇರೆಯವರ ಹೆಸರು ಕೇಳಿದರೆ ಕೂರುತ್ತಿದ್ದೆವು. ಬೇರೆಯವರ ಹೆಸರು ಬಂದದ್ದಕ್ಕೆ ಸಮಾಧಾನ ಆಗುತ್ತಿತ್ತು. ಆ ಸಮಾಧಾನಕ್ಕೆ ಮತ್ತೆ ಹೇಸಿಕೆ ಆಗುತ್ತಿತ್ತು. ಗೊತ್ತಿಲ್ಲದ ಒಬ್ಬ ಮುದುಕಿ ನನ್ನ ಕೈಯಲ್ಲಿ ಅರ್ಧ ಭಾಕ್ರಿ ಇಟ್ಟು ಮರಾಠಿಯಲ್ಲಿ ತಿನ್ನು ಅಂದಳು. ಅವಳ ಮಗ ಒಳಗಿದ್ದ.

ಕೊನೆಗೆ ನನ್ನನ್ನು ಕರೆದರು. ಒಬ್ಬ ಹುಡುಗಿಯಂಥ ಡಾಕ್ಟರಬಾಯಿ, ಕನ್ನಡ ಅಷ್ಟಕ್ಕಷ್ಟೇ, ಮರಾಠಿಯೇ ಹೆಚ್ಚು. ಪುಪ್ಪುಸದಲ್ಲಿ ನೀರು ತುಂಬಿತ್ತು, ತೆಗೆಯುತ್ತಿದ್ದೇವೆ, ಈಗಲೇ ಏನೂ ಹೇಳಲಾರೆ ಅಂದರು. ಹಳೆಯ ಕಾಗದ ಕೇಳಿದರು. ಗಡಿಬಿಡಿಯಲ್ಲಿ ಸುನಂದಾ ಚೀಲದಲ್ಲಿ ಎಲ್ಲವನ್ನೂ ಹಾಕಿ ಕೊಟ್ಟಿದ್ದಳು. ಡಾಕ್ಟರಬಾಯಿ ಅಥಣಿಯ ಕಾಗದವನ್ನು ಬಿಚ್ಚಿ ಬಹಳ ಹೊತ್ತು ನೋಡಿದರು. ಎದೆಯ ಸ್ಕ್ಯಾನಿಂಗಿನಲ್ಲಿ ಹೃದಯದ ಗೋಡೆ ದಪ್ಪಾಗಿದೆ, ವರ್ಷಗಟ್ಟಲೆ ಒತ್ತಡ ಹೊತ್ತ ಹೃದಯ ಹಾಗಿರುತ್ತದೆ. ಆದರೆ ಈ ಕಾಗದ ಜಾವದ ಬಿಪಿ ಪೂರಾ ಸರಿ ಇದೆ ಅನ್ನುತ್ತದೆ, ಇವರು ಬಿದ್ದದ್ದೂ ಅದೇ ಹೊತ್ತಿಗೆ. ಹಾಗಾದರೆ ಕಾರಣ ಬೇರೆ ಏನೋ ಇರಬೇಕು, ನಾಳೆ ನರದೊಳಗೆ ತಾರು ಹಾಕಿ ಬಣ್ಣ ಬಿಟ್ಟು ನೋಡಬೇಕಾಗಬಹುದು, ಕಿಡ್ನಿ ಸೊರಗಿದೆ, ಆ ಬಣ್ಣ ಅದಕ್ಕೆ ತಡೆಯದೆಯೂ ಹೋಗಬಹುದು ಅಂದರು. ನಂತರ ನನ್ನನ್ನೇ ನೋಡಿ ಕೇಳಿದರು, ಈ ಎರಡರಲ್ಲಿ ಯಾವುದನ್ನು ನಂಬಲಿ ಎಂದು.

ಅವರು ತಮ್ಮಷ್ಟಕ್ಕೆ ಕೇಳಿಕೊಂಡದ್ದಿರಬೇಕು. ನನಗೆ ಮಾತ್ರ ಅವರಿಗೆ ಎಲ್ಲ ಗೊತ್ತಾಗಿದೆ ಅನ್ನಿಸಿತು. ನಾನೇನು ಹೇಳಲಿ ಡಾಕ್ಟರ್ರ, ನಮಗ ತಿಳಿಯಂಗಿಲ್ಲ ಎಂದು ಹೊರಗೆ ಬಂದೆ. ಎರಡನೆಯ ಸಲವೂ ಹೇಳಲಿಲ್ಲ. ಅದನ್ನೂ ಬರೆಯಬೇಕು.

ಹೊರಗೆ ದಸ್ತಗೀರ ಚಹಾ ಹಿಡಿದು ನಿಂತಿದ್ದ. ಕಪ್ಪು ಕೈಗೆ ತೆಗೆದುಕೊಂಡೆ. ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಪಟ್ಟಿ, ಕಂಬಳಿ, ರಾತ್ರಿಯ ಗುಳಿಗೆ, ಅಕ್ಕನಿಗೆ ಹೇಳಿದ ಸುಳ್ಳು. ಅವನು ನನಗೆ ಸಮಾಧಾನ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಕೈಯಿಂದ ಕಪ್ಪು ತೆಗೆದುಕೊಂಡ.

"ನನ್ನ ಮುಂದ ಯಾಕ ಹೇಳ್ತೀಲೇ? ನಾ ಏನ ಆಕಿಗೆ ಔಷಧ ಕೊಡಾಂವ? ಒಳಗ ಹೋಗು."

ಆ ಬಾಗಿಲಿನವರೆಗೆ ನಡೆದದ್ದು ನೆನಪಿಲ್ಲ. ನರ್ಸಬಾಯಿ ತಡೆದಳು, ಅವಳನ್ನು ದಾಟಿ ಒಳಗೆ ಹೋದೆ. ಡಾಕ್ಟರಬಾಯಿ ನಿಂತೇ ಇದ್ದರು. ಕಾಗದ ಸುಳ್ಳರಿ ಅಂದೆ. ಬೆಳಗಿನ ಜಾವದಿಂದ ಮುಂದಿನದು ಅಕ್ಕನ ತೋಳಿನದಲ್ಲ, ನನ್ನ ತೋಳಿನದು ಅಂದೆ. ಮರಾಠಿಯಲ್ಲಿ ಹೇಳಲು ಹೋಗಿ ಶಬ್ದ ಸಿಗದೆ ನನ್ನ ಅಂಗಿಯ ತೋಳು ಮೇಲೆತ್ತಿ ತೋರಿಸಿದೆ. ಅವರು ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಪೆನ್ನು ತೆಗೆದು ಯಾವ ಹೊತ್ತಿನಿಂದ ಎಂದಷ್ಟೇ ಕೇಳಿ, ಕಾಗದದ ಆ ಕಡೆಯ ಭಾಗವನ್ನು ಗೀಟು ಹಾಕಿ ಹೊಡೆದು ಹಾಕಿದರು. ಈಗ ಹೇಳಿದ್ದು ಒಳ್ಳೆಯದಾಯಿತು, ನಾಳೆಯ ಪರೀಕ್ಷೆಗೆ ಅವಸರ ಮಾಡುವುದಿಲ್ಲ, ಮೊದಲು ಬಿಪಿ ಹಿಡಿಯುತ್ತೇವೆ ಅಂದರು. ಅಷ್ಟು ಹೇಳಿ ಒಳಗೆ ಹೋದರು. ನಾನು ಹೊರಗೆ ಬಂದು ಬಾಕಿನ ಮೇಲೆ ಕೂತೆ.

ಅಕ್ಕ ಬದುಕಿದಳು. ಆದರೆ ಒಮ್ಮೆಗೇ ಅಲ್ಲ. ಒಂದು ದಿನ ಸುಧಾರಿಸಿದರೆ ಮರುದಿನ ಉಸಿರು ಸಣ್ಣದಾಗುತ್ತಿತ್ತು. ಮೊದಲ ಸಲ ಒಳಗೆ ಬಿಟ್ಟಾಗ ಅವಳ ಬಾಯಿ ಮೂಗಿನ ಮೇಲೆ ಗಾಳಿಯ ನಳಿಗೆಯ ಮುಖವಾಡವಿತ್ತು. ಮಾತಾಡಲು ಆಗದೆ ಬೆರಳಿನಿಂದ ಕಿಟಕಿ ತೋರಿಸಿದಳು. ನನಗೆ ತಿಳಿಯಲಿಲ್ಲ. ನರ್ಸಬಾಯಿಗೆ ತಿಳಿದಿತ್ತು, ಇವರು ದಿನಾ ಹೊತ್ತು ಮುಳುಗಿತೇ ಎಂದು ಕೇಳುತ್ತಾರೆ ಅಂದಳು. ಆ ಸ್ಥಿತಿಯಲ್ಲೂ ನಿಯಮ ಮುರಿಯುತ್ತದೆ ಎಂದು ಅವಳಿಗೆ ಅಂಜಿಕೆ. ಬಿಡುಗಡೆಯ ದಿನ ನಾನು ಧೈರ್ಯ ಮಾಡಿ ಡಾಕ್ಟರಬಾಯಿಗೆ ಅದನ್ನು ಕೇಳಿದೆ. ಅವರು ಸ್ವಲ್ಪವೂ ಯೋಚನೆ ಮಾಡಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟದ ಜೊತೆ ತೆಗೆದುಕೊಂಡರೂ ನಡೆಯುತ್ತದೆ, ಜಾವದ ತನಕ ಕೆಲಸ ಮಾಡುವ ಗುಳಿಗೆ ಬರೆದುಕೊಡುತ್ತೇನೆ ಅಂದರು. ಇಷ್ಟೇ. ಅಥಣಿಯಲ್ಲಿ ಬಾಯಿ ತೆರೆದಿದ್ದರೆ ಅಲ್ಲಿಯೂ ಇದೇ ಮಾತು ಬರುತ್ತಿತ್ತು.

ಮನೆಗೆ ಬಂದ ಮೇಲೆ ಬೀಸುಕಲ್ಲು, ಬಾವಿ ಎರಡೂ ಬಂದ್. ಒಂದು ಸಣ್ಣ ಬಿಪಿ ಮಷೀನು ಕೊಂಡೆವು. ಜಾವದಲ್ಲಿ ಎದ್ದು ನಾನೇ ಅಕ್ಕನ ತೋಳಿಗೆ ಪಟ್ಟಿ ಕಟ್ಟುತ್ತೇನೆ. ಗಾಳಿ ತುಂಬುವಾಗ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಂತ್ರ ಹೇಳಿಕೊಳ್ಳುತ್ತಾಳೆ, ನಾನು ಅಂಕಿಯನ್ನು ನೋಡುತ್ತೇನೆ. ಅಂಕಿ ಏರಿ ನಿಂತು ಇಳಿಯುತ್ತ ಬರುವಷ್ಟರಲ್ಲಿ ನನ್ನ ಎದೆ ನನಗೇ ಕೇಳುತ್ತದೆ. ಒಂದು ದಿನ ಚೆನ್ನಾಗಿರುತ್ತದೆ, ಒಂದು ದಿನ ಇರುವುದಿಲ್ಲ. ಚಳಿ ಬಿದ್ದರೆ ಏರುತ್ತದೆ, ನಿದ್ದೆ ಕೆಟ್ಟರೆ ಏರುತ್ತದೆ, ಸುನಂದಾಳ ಕೂಡ ಜಗಳಾಡಿದರೆ ಏರುತ್ತದೆ. ಅಂಜಿಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅದು ಮನೆಯವರಲ್ಲಿ ಒಬ್ಬರ ಹಾಗೆ ಇರುತ್ತದೆ. ಅದರ ಜೊತೆ ಇರುವುದನ್ನು ಕಲಿಯಬೇಕು.

ನನ್ನ ಅಂಜಿಕೆ ಇನ್ನೊಂದಿತ್ತು. ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ನೋಡಲು ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: ನಮ್ಮ ಭರಮಾ ಎಲ್ಲವನ್ನೂ ಹೇಳಿದ್ದ, ಆ ಅಥಣಿಯ ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವರು ಚುಚು ಅನ್ನುತ್ತಿದ್ದರು. ಕೆಲವರು ಆ ಡಾಕ್ಟರನ್ನು ಬೈಯುತ್ತಿದ್ದರು. ನಾನು ಚಹಾ ತರಲು ಎದ್ದು ಹೋಗುತ್ತಿದ್ದೆ. ಸುನಂದಾ ಒಲೆಯ ಮುಂದೆ ಕೂತು ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ದಸ್ತಗೀರನ ಹೆಂಡತಿಯಿಂದ ಗೊತ್ತಾಗಿತ್ತು. ಯಾವಾಗ ಹೇಳುತ್ತೀರಿ ಎಂದು ಒಂದೇ ಸಲ ಕೇಳಿದಳು. ಮನಸ್ಸಿಗೆ ಧಕ್ಕೆ ಆಗುವಂಥದ್ದನ್ನು ಹೇಳಬೇಡಿ ಎಂದು ದವಾಖಾನೆಯವರು ಹೇಳಿದ್ದಾರಲ್ಲ ಅಂದೆ. ಧಕ್ಕೆ ಆಕೆಗೋ ನಿಮಗೋ ಎಂದು ಕೇಳಿ ಅವಳು ರೊಟ್ಟಿ ತಟ್ಟತೊಡಗಿದಳು.

ಭಾದ್ರಪದದ ಹತ್ತು ದಿನದ ಪರ್ವ ಮುಗಿಯಿತು. ಅದು ಮುಗಿದ ಮೇಲೆ ನಮ್ಮಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನವಿದೆ. ಬಸದಿಯಲ್ಲಿ ಎಲ್ಲರೂ ಎದುರಾದವರಿಗೆಲ್ಲ ಕೈ ಮುಗಿದು "ಉತ್ತಮ ಕ್ಷಮಾ" ಅನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅನ್ನುತ್ತಾರೆ, ಏನೂ ಮಾಡದವರೂ ಅನ್ನುತ್ತಾರೆ. ಅಕ್ಕನಿಗೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದಳು. ನಾನು ಬಸದಿಯಿಂದ ಬಂದವನು ಅವಳ ಕಾಲು ಮುಟ್ಟಿ ಆ ಮಾತು ಅಂದೆ. ಅವಳೂ ನನಗೆ ಕೈ ಮುಗಿದು ಅಂದಳು. ಎಷ್ಟು ಸಲೀಸಾಗಿ ಬಾಯಿಂದ ಬಂತು ಅಂದರೆ, ಮುಗಿಯಿತು, ಹೇಳಿದ ಹಾಗೇ ಆಯಿತು ಎಂದು ಒಂದು ಗಳಿಗೆ ನನಗೆ ಅನ್ನಿಸಿತು.

ಅಷ್ಟರಲ್ಲಿ ಓಣಿಯ ರಾಜಮತಿ ಬಂದಳು. ಅವಳ ಮಾವನಿಗೂ ಜಾವದಲ್ಲಿ ತಲೆ ತಿರುಗುತ್ತಿತ್ತು, ನಾಳೆ ಅಥಣಿಯ ಅದೇ ಡಾಕ್ಟರಿಗೆ ತೋರಿಸುವವರಿದ್ದರು. ಅಕ್ಕ ಅವಳ ಕೈ ಹಿಡಿದುಕೊಂಡಳು.

"ಅಲ್ಲಿ ಒಯ್ಯಬ್ಯಾಡ ತಂಗಿ. ನನ್ನ ನೋಡು ಏನಾತು. ನಮ್ಮ ತಮ್ಮ ಬಿಚ್ಚಿ ಹೇಳಿದ್ರೂ ಆ ಮನಶಾ ಕಿವಿಗೆ ಹಾಕ್ಕೊಳ್ಳಿಲ್ಲ. ಬ್ಯಾರೆ ಕಡೆ ನೋಡ್ರಿ, ಇಲ್ಲಾಂದ್ರ ಮನ್ಯಾಗ ಇರಲಿ."

ರಾಜಮತಿ ತಲೆಯಾಡಿಸಿದಳು. ಹಾಗಾದರೆ ಈಗ ಬೇಡ, ಸ್ವಲ್ಪ ದಿನ ಕಳೆದ ಮೇಲೆ ನೋಡೋಣ ಅಂದಳು. ಆ ಮುದುಕನೂ ಒಂದು ಜಾವ ನೆಲದ ಮೇಲೆ ಕೂತು ಗಾಳಿಗೆ ಬಾಯಿ ತೆರೆಯುವುದು ನನ್ನ ಕಣ್ಣ ಮುಂದೆ ಬಂತು. ನನ್ನ ಒಂದು ಸುಳ್ಳು ಈಗ ಓಣಿಯಲ್ಲಿ ತಾನೇ ನಡೆಯತೊಡಗಿತ್ತು. ಸುನಂದಾ ಬಾಗಿಲಲ್ಲಿ ನಿಂತಿದ್ದಳು. ರಾಜಮತಿ ಹೊರಡುವ ಮೊದಲೇ ನಾನು ಹೋಗಿ ಅಕ್ಕನ ಮುಂದೆ ನೆಲದ ಮೇಲೆ ಕೂತೆ. ಅವಳ ಬಿಪಿ ಏರಿದರೆ ಏನು ಮಾಡಲಿ ಎಂದು ಆಗಲೂ ಅಂಜಿಕೆ ಇತ್ತು.

"ಅಕ್ಕಾ, ಆ ಡಾಕ್ಟರದ ತಪ್ಪಿಲ್ಲ. ಬೆಳಗಿಂದು ನನ್ನ ತೋಳಂತ ನಾ ಅವರಿಗೆ ಹೇಳಲೇ ಇಲ್ಲ. ನಿನಗ ಹೇಳೀನಿ ಅಂತ ಸುಳ್ಳ ಹೇಳ್ದೆ. ನೀ ನನ್ನ ಮಾತ ನಂಬಿ ಸಾಯೂ ಹಂತಕ್ಕ ಹೋಗಿದ್ದಿ. ಆವಾಗಿಂದ ದಿನಾ ನಿನ್ನ ತೋಳ ಹಿಡಿದ್ರೂ ಹೇಳೂ ಧೈರ್ಯ ಆಗ್ಲಿಲ್ಲ. ಈಗ ಅಂದ್ನಲ್ಲ ಉತ್ತಮ ಕ್ಷಮಾ, ಅದು ಎಲ್ಲರಿಗೂ ಅಂದಂಗ ಅಂದಿದ್ದು. ಇದು ನಿನಗ ಒಬ್ಬಾಕಿಗೆ. ನನ್ನಿಂದ ತಪ್ಪಾತು ಅಕ್ಕಾ. ನನಗ ಕ್ಷಮಾ ಮಾಡು."